ಕಣ್ಣು ಮುಚ್ಚಿ ಮುಳುಗುವ ಎಂಕಪ್ಪ

ಎಂಕಪ್ಪನನ್ನು ಜನ ಕರೆಯುವುದು ಒಂದೇ ಕೆಲಸಕ್ಕೆ. ಹೊಳೆಯಲ್ಲಿ ಯಾರಾದರೂ ಮುಳುಗಿ, ತೇಲಿ ಬರದಿದ್ದರೆ, ಆಗ ಯಾರೋ ಒಬ್ಬರು ಮೋಟಾರ್ ಸೈಕಲ್ ಹತ್ತಿ ಬಂದು ಅವನ ಮನೆ ಮುಂದೆ ನಿಂತು ಕೂಗುತ್ತಾರೆ. ಗಾಡಿ ಇಳಿಯುವುದಿಲ್ಲ. ಎಂಜಿನ್ ಕೂಡ ಆರಿಸುವುದಿಲ್ಲ. ಅವನು ಹೆಗಲಿಗೆ ಹಗ್ಗ ಹಾಕಿಕೊಂಡು, ಬಗಲಲ್ಲಿ ಒಂದು ವಸ್ತ್ರ ಇಟ್ಟುಕೊಂಡು ಹಿಂದೆ ಕೂರುತ್ತಾನೆ. ಕೆಲಸ ಮುಗಿದ ಮೇಲೆ ಅವನು ಮನೆಗೆ ಹೇಗೆ ಬಂದ ಎಂದು ಯಾರೂ ಕೇಳಿದ್ದಿಲ್ಲ. ನಡೆದೇ ಬರುತ್ತಾನೆ.

ನಮ್ಮ ಊರು ತೆಲಂಗಾಣದ ಗಡಿಯಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ, ಮಕ್ತಲ್‌ನಿಂದ ಜೂರಾಲದ ಕಡೆ ಹೋಗುವಾಗ. ಈ ದಂಡೆಯವರಿಗೆ ಸಂತೆ ಮಕ್ತಲ್, ಆ ದಂಡೆಯವರಿಗೆ ಗದ್ವಾಲ. ಜೂರಾಲದಲ್ಲಿ ಅಣೆಕಟ್ಟೆ ಕಟ್ಟಿದ ಮೇಲೆ ಹೊಳೆ ಎಷ್ಟು ಆಳ, ಎಲ್ಲಿ ಆಳ ಎಂಬುದು ಯಾರಿಗೂ ತಿಳಿಯದಾಯಿತು. ಎಂಕಪ್ಪನ ಅಪ್ಪ ಆದೆಪ್ಪ ಅಂಬಿಗ. ಹರಿಗೋಲು ಹಾಕುತ್ತಿದ್ದವನು ಹೆಣ ತೆಗೆಯುವವನಾದ. ಅವನ ನಂತರ ಮಗ.

ಮಗನಿಗೆ ಆದೆಪ್ಪ ಕೊಟ್ಟ ಬುದ್ಧಿ ಒಂದೇ. ‘ನೀರೊಳಗ ಕಣ್ಣು ಬಿಡಬ್ಯಾಡ. ಹೋದವರ ಮುಖ ಮೊದಲು ನೋಡೋ ಹಕ್ಕು ಮನಿಯವರದು. ನಿನ್ನದಲ್ಲ.’ ಹಾಗಾಗಿ ಎಂಕಪ್ಪ ಕಣ್ಣು ಮುಚ್ಚಿಯೇ ಇಳಿಯುತ್ತಾನೆ. ಮಳೆಗಾಲದ ಕೆಂಪು ನೀರಿನಲ್ಲಿ ಬಿಟ್ಟರೂ ಕಾಣುವುದು ಏನೂ ಇಲ್ಲ, ಅದು ಬೇರೆ ಮಾತು. ಕೈಯಿಂದ ಕೆಸರು ತಡವುತ್ತಾನೆ, ಬಂಡೆಯ ಸಂದು ತಡವುತ್ತಾನೆ. ಬಟ್ಟೆ ಸಿಕ್ಕಿತು, ಕೂದಲು ಸಿಕ್ಕಿತು ಎಂದಾಗ ಮೊದಲು ಬಗಲಿನ ವಸ್ತ್ರ ಬಿಚ್ಚಿ ಮುಖಕ್ಕೆ ಹಾಕುತ್ತಾನೆ. ವಸ್ತ್ರ ತೇಲಿ ಹೋಗದಂತೆ ಅದರ ನಾಲ್ಕು ಮೂಲೆಗೂ ಬಲೆಯ ಸೀಸದ ಗುಂಡು ಹೊಲಿದಿರುತ್ತದೆ. ದಂಡೆಗೆ ತಂದು ಮಲಗಿಸಿ ಅವನು ದೂರ ಹೋಗಿ ಬೆನ್ನು ಮಾಡಿ ನಿಲ್ಲುತ್ತಾನೆ. ವಸ್ತ್ರ ಎತ್ತುವವರು ತಾಯಿ, ಹೆಂಡತಿ, ಅಣ್ಣ, ಯಾರಾದರೂ ಅವರವರೇ.

ನನ್ನ ತಮ್ಮನನ್ನು ಹೀಗೆ ತಂದವನು ಆದೆಪ್ಪ. ವಸ್ತ್ರ ಎತ್ತಿದವಳು ನಮ್ಮವ್ವ. ಅಂದಿನಿಂದ ಆ ಮನೆಯವರು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ವಸ್ತ್ರಕ್ಕೆ ಗುಂಡು ಹೊಲಿಯುವುದು ನಮ್ಮವ್ವನಿಂದ ನನ್ನ ಪಾಲಿಗೆ ಬಂತು. ಹೇಗೂ ಕೌದಿ ಹೊಲಿಯುವ ಕೈ.

ಬೇರೆ ಮನೆಯವರು ಎಂಕಪ್ಪನಿಗೆ ಕೆಟ್ಟ ಮಾತು ಆಡುವುದಿಲ್ಲ. ಒಳಗೆ ಬಾ ಅನ್ನುವುದಿಲ್ಲ, ಅಷ್ಟೇ. ಅವನ ಗಡಿಗೆಯ ನೀರು ಕುಡಿಯುವುದಿಲ್ಲ. ಹೆಂಡತಿ ಪೋಚಮ್ಮ ಇದ್ದಾಗ ಆ ಮನೆಯಲ್ಲಿ ಮಾತಾದರೂ ಇತ್ತು. ಅವಳು ತೀರಿಹೋದಳು, ಮಕ್ಕಳಿಲ್ಲ. ತಂಗಿ ಹಣಮಮ್ಮ ನಾರಾಯಣಪೇಟೆಯಲ್ಲಿ ನೇಯುವವರಿಗೆ ನೂಲು ಸುತ್ತಿಕೊಡುತ್ತಾಳೆ. ಮಗಳ ಮದುವೆಗೆ ಅಣ್ಣನನ್ನು ಕರೆಯಲು ಬಂದವಳು ಹೊಸಿಲಿನ ಹೊರಗೇ ನಿಂತು ಹೇಳಿದಳಂತೆ, ‘ಅಣ್ಣಾ, ಅಕ್ಕಿಕಾಳು ಬಿದ್ದ ಮ್ಯಾಲ ಬಾ. ಬೀಗರು ಒಂದೀಟು ಹಂಗಾ ಅದಾರ.’ ಸೋದರಮಾವ ಅವನು. ಅಕ್ಷತೆ ಬಿದ್ದ ಮೇಲೆಯೇ ಹೋದ. ಉಂಡು ಬಂದ. ‘ಬದನಿಕಾಯಿ ಛಲೋ ಮಾಡಿದ್ರು’ ಎಂದು ನನಗೆ ಹೇಳಿದ.

ತೆಲಂಗಾಣ ರಾಜ್ಯ ಬಂದು ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ನಾನು ಕೌದಿಗೆ ತೇಪೆ ಜೋಡಿಸುತ್ತಿದ್ದಾಗ ಎಂಕಪ್ಪ ಬಂದು ಕೂತ. ಚಹಾ ಕೊಟ್ಟೆ. ಆರಿ ಹೋಗುವವರೆಗೂ ಕುಡಿಯಲಿಲ್ಲ.

‘ಹನ್ನೆರಡು ವರ್ಷದ ಮ್ಯಾಲ ಪುಷ್ಕರ ಬರ್ತಾವಂತ್ರಿ ಅವ್ವಾರ, ಹೊಳಿ ಸ್ನಾನಕ್ಕ ಮಂದಿ ಕೂಡ್ತಾರಂತ. ಘಾಟಿನ ಮ್ಯಾಲ ಈಜು ಬರೋರನ್ನ ನಿಲ್ಲಸ್ತಾರಂತ. ಇನ್ನ ಮ್ಯಾಲ ಕಾರ್ಡು ಇದ್ದವರಷ್ಟ ನೀರಿಗಿಳೀಬೇಕಂತ. ಪುಷ್ಕರ ಮುಗದ ಮ್ಯಾಲೂ.’

‘ಕಾರ್ಡು ಯಾರು ಕೊಡ್ತಾರ?’

‘ಸಮುದ್ರಕ್ಕ ಹೋಗಿ ಕಲ್ತು ಬರಬೇಕಂತ. ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ಮುಳುಗೋದು. ನನಗೂ ಗದ್ವಾಲದ ನರಸಿಂಹುಲುಗೂ ಹೋಗ್ರಿ ಅಂದಾರ.’

‘ನಮ್ಮ ರಾಜ್ಯದಾಗ ಸಮುದ್ರ ಎಲ್ಲೈತೋ?’

‘ಇಲ್ಲರಿ. ಪಾಲಾದಾಗ ಅದು ಆಂಧ್ರದವರ ಕಡಿ ಹೋತು. ನಮ್ಮನ್ನ ಕರ್ನಾಟಕದ ಸಮುದ್ರಕ್ಕ ಕಳಸ್ತಾರ. ನಿನಗ ಕನ್ನಡ ಬರ್ತೈತಲ್ಲ, ಚಿಂತಿ ಯಾಕ ಅಂದ್ರು.’

‘ಚಿಂತಿ ಐತೇನು?’

ನಾನು ಸೂಜಿಗೆ ದಾರ ಹಾಕಲು ಕೊಟ್ಟೆ, ನನ್ನ ಕಣ್ಣು ಮಂಜು. ದಾರ ಹಾಕಿ ಕೊಡುತ್ತ ಹೇಳಿದ, ‘ರಾಯಚೂರು ದಾಟಿಲ್ಲರಿ ನಾ. ಹೋಗಲಿಕ್ಕ ಅಂಜಿಕಿ. ಹೋಗಲಿಲ್ಲಂದ್ರ ಕಾರ್ಡಿಲ್ಲ. ಕಾರ್ಡಿಲ್ಲಂದ್ರ ಕರಿಯಾಂಗಿಲ್ಲ. ಸತ್ತಾಗರ ಬಂದು ಎಂಕಪ್ಪಾ ಅಂತಿದ್ರು.’

ಹೋದ. ದಾರಿಗೆ ನಾನೇ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ.

ಹೋಗಿ ಬಂದದ್ದನ್ನು ಅವನು ಒಂದೇ ಸಲ ಹೇಳಲಿಲ್ಲ. ಒಂದು ದಿನ ಒಂದು ತುಣುಕು, ಇನ್ನೊಂದು ದಿನ ಇನ್ನೊಂದು. ಕೌದಿಯ ಹಾಗೆ ನಾನು ಜೋಡಿಸಿಕೊಂಡೆ.

ಬಸ್ಸಿನಲ್ಲಿ ನರಸಿಂಹುಲು ಕಿವಿಗೆ ಫೋನಿನ ದಾರ ಸಿಕ್ಕಿಸಿಕೊಂಡು ಮಲಗಿದ. ಅವನು ಗದ್ವಾಲದಲ್ಲಿ ಮೀನಿನ ಬೋಟು ಓಡಿಸುವವನು, ಇನ್ನೂ ಮದುವೆಯಾಗದವನು, ಎಂಕಪ್ಪನನ್ನು ಮಾಮಾ ಅನ್ನುತ್ತಿದ್ದ. ಎಂಕಪ್ಪ ಕಿಟಕಿ ಬಿಡಲಿಲ್ಲ. ಸೇತುವೆ ಬಂದಾಗಲೆಲ್ಲ ಕಂಡಕ್ಟರನನ್ನು ಕೇಳಿದ, ‘ಇದು ಯಾವ ಹೊಳೀರಿ?’ ತುಂಗಭದ್ರೆಗೆ ಕಾಸು ಹಾಕಿ ಕೈಮುಗಿದ, ಅವಳು ಕೃಷ್ಣೆಗೆ ಸೇರುವವಳು, ನಮ್ಮ ಕಡೆಯ ಸಂಬಂಧ. ಮುಂದಿನ ಹಳ್ಳಕ್ಕೂ ಕೇಳಿದ, ಅದರ ಮುಂದಿನದಕ್ಕೂ. ಕಂಡಕ್ಟರ್ ಸಾಕಾಗಿ, ‘ಏನ್ ಯಜಮಾನ್ರ, ಹೊಳಿ ಕೊಳ್ಳಾಕ ಹೊಂಟೀರೇನು?’ ಎಂದ. ಬಸ್ಸು ನಕ್ಕಿತು. ಎಂಕಪ್ಪನೂ ನಕ್ಕ.

ಆದರೆ ಘಟ್ಟ ಇಳಿಯುವಾಗ ಅವನಿಗೆ ನಗೆ ಬರಲಿಲ್ಲ. ಬೆಳಗಾಗಿತ್ತು. ಬಿಸಿಲು ಬೆನ್ನ ಹಿಂದೆ ಬೀಳುತ್ತಿತ್ತು. ದಾರಿ ಪಕ್ಕದ ಹಳ್ಳ ಬಿಸಿಲಿಗೆ ಬೆನ್ನು ಮಾಡಿ ಓಡುತ್ತಿತ್ತು. ಅವನು ಹುಟ್ಟಿದಂದಿನಿಂದ ನೋಡಿದ ನೀರೆಲ್ಲ ಹೊತ್ತು ಹುಟ್ಟುವ ಕಡೆಗೆ ಹರಿಯುವುದು. ‘ಅಲ್ಲೆ ನೀರು ತಿರುಗಿ ಹೊಂಟಿತ್ರಿ ಅವ್ವಾರ. ಹೊತ್ತು ಮುಳುಗೋ ಕಡಿ. ನನಗ ಎಡ ಯಾವುದು ಬಲ ಯಾವುದು ತಿಳೀದಂಗಾತು.’ ಕನ್ನಡ ಬರುತ್ತದೆಂದು ಧೈರ್ಯ ಹೇಳಿ ಕಳಿಸಿದ್ದರಲ್ಲ, ಆ ಕನ್ನಡವೂ ಅವನಿಗೆ ಒಲಿಯಲಿಲ್ಲ. ಖಾನಾವಳಿಯಲ್ಲಿ ಅವನು ರೊಟ್ಟಿ ಕೇಳಿದರೆ ಅವರು ಎಂತದು ಅಂದರು. ಕೆಂಪು ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ನಿಂತಿತು. ಮುರ್ಡೇಶ್ವರದ ಕಡೆಯ ಆ ಊರಲ್ಲಿ ಅವನ ಜೊತೆ ಪೂರ್ತಿ ಮಾತಾಡಿದ್ದು ನನ್ನ ರೊಟ್ಟಿ ಒಂದೇ ಇರಬೇಕು.

ಮೊದಲ ದಿನ ದಂಡೆಯಲ್ಲಿ ನಿಂತು ಅವನು ಆಚೆ ದಂಡೆ ಹುಡುಕಿದ. ಹೊಳೆಯಲ್ಲಿ ಅವನ ಲೆಕ್ಕವೆಲ್ಲ ಎರಡು ದಂಡೆಯ ಮೇಲೆ. ಈ ಕಡೆಯ ಬೇವಿನ ಮರ, ಆ ಕಡೆಯ ಗುಡಿಯ ಗೋಡೆ, ಎರಡಕ್ಕೂ ನಡುವೆ ಗೆರೆ ಎಳೆದು ಇಲ್ಲೇ ಇಳಿಯಬೇಕು ಎಂದು ಹೇಳುವವನು. ಇಲ್ಲಿ ಒಂದೇ ದಂಡೆ. ಇನ್ನೊಂದು ತಪ್ಪೂ ಮಾಡಿದ. ನೀರಿಗೆ ಇಳಿಯುವ ಮೊದಲು ಬೊಗಸೆ ನೀರು ಕುಡಿದು ಗಂಗವ್ವನ ಅಪ್ಪಣೆ ಕೇಳುವುದು ಅವರ ಮನೆಯ ಪದ್ಧತಿ. ಸಮುದ್ರ ಉಪ್ಪೆಂದು ಕೇಳಿದ್ದ, ಆದರೂ ಕೈ ತನ್ನಷ್ಟಕ್ಕೆ ಬೊಗಸೆಯಾಯಿತು. ಕುಡಿದ, ಕಾರಿಕೊಂಡ.

‘ಮಾಮಾ, ಅಪ್ಪಣಿ ಸಿಗಲಿಲ್ಲ ಕಾಣ್ತೈತಿ, ವಾಪಸ್ ಹೋಗೋಣ ನಡಿ’ ಎಂದ ನರಸಿಂಹುಲು.

ಕಲಿಸುವ ಮಾಸ್ತರ ಒಳ್ಳೆಯವನೇ. ಕಣ್ಣು, ಮೂಗು ಸೇರಿಸಿ ಕಟ್ಟುವ ಗಾಜಿನ ಮಾಸ್ಕು, ಬಾಯಲ್ಲಿ ಕಚ್ಚುವ ನಳಿಕೆ, ಬೆನ್ನಿಗೆ ಸಿಲಿಂಡರು. ಉಸಿರು ಕಟ್ಟಬಾರದು, ಆಡುತ್ತಲೇ ಇರಬೇಕು. ಕಿವಿ ನೊಂದರೆ ಮೂಗು ಹಿಡಿದು ಊದಬೇಕು. ಮಾತೆಲ್ಲ ಕೈಸನ್ನೆಯಲ್ಲಿ. ಮೂಗು ಹಿಡಿಯುವುದು ಎಂಕಪ್ಪನಿಗೆ ಹಿತವಾಯಿತು, ನಮ್ಮ ಕಡೆ ಮುಳುಗು ಹಾಕುವವರು ಮಾಡುವುದೂ ಅದೇ. ಉಸಿರಾಡುವುದನ್ನೂ ಕಲಿತ. ಆದರೆ ನೀರು ತಲೆಯ ಮೇಲೆ ಬಂದ ಕ್ಷಣ ಅವನ ಕಣ್ಣು ಮುಚ್ಚುತ್ತಿದ್ದವು. ಮಾಸ್ತರ ಗಾಜಿನ ಮುಂದೆ ಕೈಯಾಡಿಸಿ ಸನ್ನೆ ಮಾಡಿದರೆ ಇವನು ದೇವರ ಮುಂದೆ ನಿಂತವನ ಹಾಗೆ.

ಮೇಲೆ ತಂದು ಮಾಸ್ತರ ಕೇಳಿದ, ‘ಎಂತ ಎಂಕಪ್ಪನವ್ರೇ, ನೀರೊಳಗೆ ನಿದ್ದೆ ಮಾಡೂದಾ?’

‘ನಮಗ ಕಣ್ಣು ಬಿಡೋ ಪದ್ಧತಿ ಇಲ್ಲರಿ.’

‘ಎಂತ ಪದ್ಧತಿ ಮಾರಾಯ್ರೆ? ಇದನ್ನ ನೋಡ್ಲಿಕ್ಕಂತಲೇ ಜನ ಎಲ್ಲೆಲ್ಲಿಂದ್ಲೋ ಬರ್ತಾರೆ.’

ಕಣ್ಣು ಬಿಡದೆ ಕಾರ್ಡಿಲ್ಲ, ಮಾಸ್ತರ ಹೇಳಿಬಿಟ್ಟ. ಕೊನೆಗೆ ದೋಣಿಯಲ್ಲಿ ದೂರ ಕರೆದೊಯ್ದು ಒಂದು ನಡುಗಡ್ಡೆಯ ಹತ್ತಿರ ಇಳಿಸಿದ ದಿನ, ಎಂಕಪ್ಪ ಒಳಗೆ ಹೋಗಿ, ಮಾಸ್ತರನ ಕೈ ತನ್ನ ಮೊಣಕೈಯನ್ನು ಹಿಡಿದದ್ದು ಖಾತ್ರಿ ಮಾಡಿಕೊಂಡು, ಕಣ್ಣು ಬಿಟ್ಟ.

ಏನು ಕಂಡೆ ಎಂದು ನಾನು ಕೇಳಿದ್ದಕ್ಕೆ ಅವನು ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದ.

‘ಇವು. ಮೀನಿದ್ವಂತ, ಬಣ್ಣಬಣ್ಣದ್ದು. ನರಸಿಂಹುಲು ಹೇಳ್ತಾನ. ನಾ ನೋಡಲಿಲ್ಲ. ಮುಂದ ನನ್ನ ಕೈ ಇದ್ವು. ನೀಲಿ ಬಿಳುಪು. ಬೆರಳು ಉಬ್ಬಿದಂಗ. ಎಷ್ಟು ಮಂದಿ ಕೈ ಹಿಡಕೊಂಡು ಮ್ಯಾಲ ತಂದೀನಿ, ದಂಡಿಮ್ಯಾಲ ನೋಡೀನಲ್ಲ, ಅವು ಹಂಗಾ ಇರ್ತಾವ. ನನ್ನ ಕೈ ಹೆಣದ ಕೈ ಆಗಿದ್ವು ಅವ್ವಾರ.’

ಮೇಲಕ್ಕೆ ಚಿಮ್ಮಲು ಹೋದನಂತೆ. ಹಾಗೆ ಒಮ್ಮೆಗೇ ಏರಿದರೆ ಎದೆ ಒಡೆಯುತ್ತದಂತೆ. ಮಾಸ್ತರ ನಡುಪಟ್ಟಿ ಹಿಡಿದು ತಡೆದು, ನಿಧಾನ ನಿಧಾನ ಮೇಲೆ ತಂದ. ದೋಣಿಯಲ್ಲಿ ಕೂರಿಸಿ ಬಿಸಿ ಚಹಾ ಕುಡಿಸಿದ. ಬೈಯಲಿಲ್ಲ. ‘ನಿಮ್ಗೆ ಇದು ಬ್ಯಾಡ, ಎಂಕಪ್ಪನವ್ರೇ’ ಎಂದ. ನರಸಿಂಹುಲುಗೆ ಕಾರ್ಡು ಸಿಕ್ಕಿತು. ಹಿಂದಿರುಗುವ ಬಸ್ಸಿನಲ್ಲಿ ಎಂಕಪ್ಪ ಯಾವ ಹೊಳೆಯ ಹೆಸರನ್ನೂ ಕೇಳಲಿಲ್ಲ.

ಪುಷ್ಕರಕ್ಕೆ ಜನವೋ ಜನ. ನಾನೂ ಹೋಗಿದ್ದೆ. ಎಂಕಪ್ಪ ಎಲ್ಲರ ಹಾಗೆ ಟವೆಲ್ ಉಟ್ಟು ಮುಳುಗು ಹಾಕಲು ಇಳಿದಿದ್ದ. ರೂಢಿಯ ಕಾಲು, ಕಟ್ಟಿದ ಹಗ್ಗ ದಾಟಿ ಮುಂದೆ ಹೋದ. ಸೀಟಿ ಊದಿದರು. ನೋಡಿದರೆ ಕೇಸರಿ ಜಾಕೀಟಿನ ನರಸಿಂಹುಲು. ‘ಮಾಮಾ, ಹಗ್ಗದ ಈ ಕಡಿ ಬಾ’ ಎಂದು, ಅವನಿಗೇ ನಾಚಿಕೆಯಾಗಿ ಬೇರೆ ಕಡೆ ಮುಖ ಮಾಡಿದ. ಎಂಕಪ್ಪ ಈ ಕಡೆ ಬಂದ. ನನ್ನ ಪಕ್ಕದಲ್ಲಿ, ಮೊಣಕಾಲುದ್ದ ನೀರಲ್ಲಿ, ಮುದುಕಿಯರ ಹಾಗೆ ಚೊಂಬಿನಿಂದ ಸ್ನಾನ ಮಾಡಿದ.

ಆ ದಸರೆಗೆ ಗದ್ವಾಲ ಬೇರೆ ಜಿಲ್ಲೆಯಾಯಿತು. ಎಂಕಪ್ಪನ ಮನೆ ಮುಂದೆ ಮೋಟಾರ್ ಸೈಕಲ್ ನಿಲ್ಲುವುದೂ ನಿಂತಿತು. ಹೊಳೆ ತಿನ್ನುವುದನ್ನು ಬಿಡಲಿಲ್ಲ, ನರಸಿಂಹುಲುವನ್ನು ಕರೆಯುತ್ತಿದ್ದರು. ಎಂಕಪ್ಪ ಗುಂಡಿನ ವಸ್ತ್ರವನ್ನು ಅಮಾವಾಸ್ಯೆಗೊಮ್ಮೆ ತೊಳೆದು ಬೇಲಿಗೆ ಹರವುತ್ತಿದ್ದ. ಒಣಗಿದ್ದನ್ನೇ ತೊಳೆದು ಒಣಗಿಸುವುದು. ದೂರದಲ್ಲಿ ಗಾಡಿಯ ಸದ್ದಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇದನ್ನು ಅವನು ಹೇಳಲಿಲ್ಲ, ನಮ್ಮ ಕಟ್ಟೆಯಿಂದ ಕಾಣುತ್ತದೆ. ಒಬ್ಬರ ಸಾವು ಬಯಸಿ ಅಲ್ಲ. ಅವನನ್ನು ಯಾರಾದರೂ ಹೆಸರು ಹಿಡಿದು ಕರೆದು ಬಹಳ ದಿನವಾಗಿತ್ತು.

ಬೇಸಿಗೆ ಹಿಡಿದಾಗ ಒಂದು ಗಾಡಿ ಬಂತು. ಬಂದವನು ಎಂಜಿನ್ ಆರಿಸಿದ. ಇಳಿದ. ನರಸಿಂಹುಲು.

‘ಯಾರು ಹೋದರೋ?’ ಎಂದು ಎಂಕಪ್ಪ ಹಗ್ಗ ತೆಗೆದುಕೊಳ್ಳಲು ಒಳಗೆ ಹೊರಟ.

‘ಯಾರೂ ಇಲ್ಲ ಮಾಮಾ. ಕುಂತು ಹೋಗಾಕ ಬಂದೆ. ನೀರು ಕೊಡು.’

ಎಂಕಪ್ಪ ಆಚೀಚೆ ನೋಡಿದ. ನನ್ನ ಮನೆಯಿಂದ ತರಲೇ ಎಂಬಂತೆ ಕಟ್ಟೆಯ ಮೇಲಿದ್ದ ನನ್ನ ಕಡೆ ನೋಡಿದ. ಅಷ್ಟರಲ್ಲಿ ನರಸಿಂಹುಲು ತಾನೇ ಗಡಿಗೆಗೆ ತಂಬಿಗೆ ಅದ್ದಿ ಗಟಗಟ ಕುಡಿದ. ಮೇಲೆ ಒಂದು ತಂಬಿಗೆ ತಲೆಗೆ ಸುರಿದುಕೊಂಡ. ಎಂಕಪ್ಪ ಆ ಖಾಲಿ ತಂಬಿಗೆಯನ್ನು ಇಸಿದುಕೊಂಡು ಎಲ್ಲಿ ಇಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ಕೂತ.

ನರಸಿಂಹುಲು ಹೇಳಿದ್ದು ಇಷ್ಟು. ಕಾಲುವೆಗೆ ಬಿದ್ದ ಒಂದು ಹುಡುಗಿಯನ್ನು ತೆಗೆಯಲು ಇಳಿದಿದ್ದ. ಕಾಲುವೆಯ ನೀರು ತಿಳಿ. ಗಾಜಿನಲ್ಲಿ ಎಲ್ಲ ಕಂಡಿತು. ಅವಳ ಕಣ್ಣು ತೆರೆದೇ ಇದ್ದವು.

‘ದಂಡಿಗಿ ತಂದ ಮ್ಯಾಲ ಅವರವ್ವ ನನ್ನ ಕೈ ಹಿಡದು ಕೇಳಿದ್ಲು ಮಾಮಾ. ನೀನ ಮೊದಲು ನೋಡಿದಿಯಲ್ಲಪ್ಪಾ, ನನ್ನ ಮಗಳ ಮುಖ ಹೆಂಗಿತ್ತು, ಅಂಜಿದ್ಲೇನು ಅಂತ. ಏನು ಹೇಳಲಿ? ಈಗ ನೀರಿಗಿಳದ್ರ ಗಾಜಿನ ಹಿಂದ ಅದಾ ಮುಖ. ಸಮುದ್ರದಾಗ ನಿನ್ನ ನೋಡಿ ನಕ್ಕೆ ನಾನು. ಕಣ್ಣು ಮುಚ್ಚೋದು ಹೆಂಗ, ಹೇಳಿಕೊಡು.’

ಎಂಕಪ್ಪ ತಂಬಿಗೆ ಕೆಳಗಿಟ್ಟ. ‘ನಾಳೆ ಆ ಗಾಜು ತಗೊಂಡು ಬಾ’ ಎಂದ.

ಅಣೆಕಟ್ಟೆಯ ಕೆಳಗೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಳು ಉಳಿಯುತ್ತವೆ, ಕೆಸರು ತಳಕ್ಕೆ ಕೂತು ನೀರು ತಿಳಿಯಾಗಿರುತ್ತದೆ. ಇಬ್ಬರೂ ಅಲ್ಲಿಗೆ ಹೋದರು. ಎಂಕಪ್ಪ ಬೊಗಸೆ ನೀರು ಕುಡಿದ, ನರಸಿಂಹುಲುಗೂ ಕುಡಿಸಿದ. ಬೆರಳ ತುದಿಯಿಂದ ಕಲ್ಲು ಯಾವುದು ಬಟ್ಟೆ ಯಾವುದು ತಿಳಿಯುವುದು ಹೇಗೆ, ಕೈಗೆ ತಾಗಿದ ಕೂಡಲೇ ಕಣ್ಣು ಮುಚ್ಚಿ ವಸ್ತ್ರ ಬಿಚ್ಚುವುದು ಹೇಗೆ, ಹುಲ್ಲಿನ ಗೊಂಬೆಗೆ ಕಲ್ಲು ಕಟ್ಟಿ ಮುಳುಗಿಸಿ ತೋರಿಸಿದ. ಮಧ್ಯಾಹ್ನವಾಯಿತು. ಆಮೇಲೆ ಎಂಕಪ್ಪ ಆ ಗಾಜನ್ನು ತಾನೇ ಕಟ್ಟಿಕೊಂಡು, ಸಿಲಿಂಡರು ಗಿಲಿಂಡರು ಇಲ್ಲದೆ ಬರೀ ಉಸಿರು ಹಿಡಿದು ಮುಳುಗಿದ. ಮತ್ತೆ ಕಣ್ಣು ಬಿಟ್ಟ. ಕೈ ಮತ್ತೆ ಹಾಗೆಯೇ ಕಂಡವು, ಹೆಣದ ಕೈ. ಮೇಲೆ ಬರಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕೈ ಕಂಡಿತು, ಅದೂ ನೀಲಿ ಬಿಳುಪು, ಬೆರಳು ಉಬ್ಬಿದ್ದು. ಅದರ ಒಂದು ಬೆರಳಲ್ಲಿ ನರಸಿಂಹುಲುವಿನ ತಾಮ್ರದ ಉಂಗುರ.

‘ಎಲ್ಲಾರವೂ ಅಲ್ಲಿ ಹಂಗಾ ಕಾಣ್ತಾವರಿ ಅವ್ವಾರ’ ಎಂದ ಆ ಸಂಜೆ. ‘ಬದುಕಿದ್ದವರವೂ.’ ಎರಡು ಲೋಟ ಚಹಾ ಕುಡಿದ.

ಕಣ್ಣು ಬಿಟ್ಟರೂ ಅವನಿಗೆ ಕಾರ್ಡು ಬರಲಿಲ್ಲ. ವಯಸ್ಸಾಯಿತು ಎಂದರು. ಆದರೆ ನಮ್ಮೂರ ಮೈಲಮ್ಮನ ಗಂಡ ಎಮ್ಮೆ ಅಟ್ಟಲು ಹೋಗಿ ಹೊಳೆಯಲ್ಲಿ ಮುಳುಗಿದಾಗ ಗಾಡಿ ಬಂತು. ನರಸಿಂಹುಲು ಇಳಿದು ಬಾಗಿಲಿಗೆ ಬಂದು ಕರೆದ, ‘ಮಾಮಾ, ವಸ್ತ್ರ ತಗೊ. ದೋಣ್ಯಾಗ ಹಗ್ಗ ನೀ ಹಿಡಿಬೇಕು.’ ಎಂಕಪ್ಪ ಬೇವಿನ ಮರ, ಗುಡಿಯ ಗೋಡೆ ನೋಡಿ ಜಾಗ ಹೇಳಿದ. ನರಸಿಂಹುಲು ಬಗಲಲ್ಲಿ ವಸ್ತ್ರ ಇಟ್ಟುಕೊಂಡು ಇಳಿದ. ಎಂಕಪ್ಪ ಹಗ್ಗ ಹಿಡಿದು ಕೂತ. ತಂದಾಗ ಮುಖದ ಮೇಲೆ ವಸ್ತ್ರವಿತ್ತು. ಇಬ್ಬರೂ ದೂರ ಹೋಗಿ ಬೆನ್ನು ಮಾಡಿ ನಿಂತರು. ಮೈಲಮ್ಮ ಎತ್ತಿದಳು.

ನರಸಿಂಹುಲು ಪೊಲೀಸರ ಜೊತೆ ಹೋಗಬೇಕಾಯಿತು. ಎಂಕಪ್ಪ ನಡೆದೇ ಬಂದ. ಒದ್ದೆ ವಸ್ತ್ರವನ್ನು ನನ್ನ ಮುಂದೆ ಹರವಿ, ‘ಒಂದು ಮೂಲಿ ಗುಂಡು ಬಿದ್ದೈತಿ ನೋಡ್ರಿ. ಹೊಲೀರಿ. ಹಂಗಾ ಇನ್ನೊಂದು ವಸ್ತ್ರ ಹೊಲೀರಿ’ ಎಂದ.

‘ಇನ್ನೊಂದು ಯಾಕೋ?’

‘ನರಸಿಂಹುಲು ಕಡಿ ಇರಲಿ.’

ನಾನು ಸೂಜಿ ಕೆಳಗಿಟ್ಟೆ. ‘ಅವನ ಕಡಿ ಒಂದಿದ್ರ ಅವ ನಿನ್ನ ಮನಿತನಕ ಯಾಕ ಬರ್ತಾನೋ ಎಂಕಪ್ಪಾ? ವಸ್ತ್ರಕ್ಕಂತರ ಬಂದು ಕರೀತಾನ.’

‘ಗೊತ್ತೈತ್ರಿ.’ ಅವನು ಮೊಣಕಾಲ ಮೇಲೆ ಅಂಗೈ ಇಟ್ಟು, ಅವನ್ನೇ ನೋಡುತ್ತ ಹೇಳಿದ. ‘ಗದ್ವಾಲ ಕಡಿ ಯಾರರ ಹೋದ್ರ, ಅವ ಹೊಳಿ ಸುತ್ತಿ ಇಲ್ಲಿಗೆ ಬಂದು ತಿರುಗಿ ಹೋಗೋದ್ರಾಗ ಹೊತ್ತಾಗ್ತೈತಿ. ಅಲ್ಲಿತನಕ ಮನಿಯವರು ದಂಡಿಮ್ಯಾಲ ಕುಂತಿರ್ತಾರಲ್ಲರಿ.’

ಮರುದಿನ ಅವನು ನಾರಾಯಣಪೇಟೆಗೆ ಹೋಗಿ ತಂಗಿ ಹಣಮಮ್ಮನ ಕೈಯಿಂದ ಒಂದು ಗಜ ಬಟ್ಟೆ ತಂದ. ಮನೆಯ ಗೂಟದಲ್ಲಿ ತೂಗುತ್ತಿದ್ದ ಅಪ್ಪನ ಕಾಲದ ಬಲೆ ಇಳಿಸಿ, ಅದರ ಅಂಚಿನಿಂದ ಸೀಸದ ಗುಂಡುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಅಂಗೈಗೆ ಹಾಕಿದ. ನಾನು ಮೂಲೆಗಳಿಗೆ ಹೊಲಿದೆ. ಅವನು ನನ್ನ ಸೂಜಿಗೆ ದಾರ ಹಾಕಿಕೊಡುತ್ತ ಪಕ್ಕದಲ್ಲಿ ಕೂತಿದ್ದ. ದೂರದಲ್ಲಿ ಮಕ್ತಲ್ ರಸ್ತೆಯ ಮೇಲೆ ಒಂದು ಗಾಡಿಯ ಸದ್ದಾಯಿತು. ಅವನು ಕತ್ತೆತ್ತಿದ. ಅದು ನಿಲ್ಲದೆ ಜೂರಾಲದ ಕಡೆ ಹೋಯಿತು.